ಒಣಗದ ಮೂರನೆಯ ಸಾಲು

ಗೇಣಿಗೊಂದರಂತೆ ಕ್ಲಿಪ್ಪು ಸಿಕ್ಕಿಸುತ್ತ ಹಗ್ಗದ ಅರ್ಧದಷ್ಟು ಬಂದಿದ್ದೆ. ಉಳಿದರ್ಧ ಮುಗಿಯುವುದರೊಳಗೆ ಹೊಸ ಜೂನಿಯರುಗಳು ಬಂದುಬಿಡುತ್ತಾರೆ ಎಂಬ ಅವಸರದಲ್ಲಿ ಒಂದು ಕ್ಲಿಪ್ಪು ಕೈಜಾರಿ ಮೇಜಿನಡಿಗೆ ಹೋಯಿತು. ಹೆಕ್ಕಲು ಬಗ್ಗಿದರೆ ಮೊಣಕಾಲು ಲಟಕ್ಕೆಂದಿತು. ಪ್ರತಿ ವರ್ಷ ಜೂನ್ ತಿಂಗಳ ಮೊದಲ ಸೋಮವಾರ ನನ್ನ ಕೆಲಸ ಇದೇ. ಬರೆದ ಹಾಳೆಗಳನ್ನು ತೂಗುಹಾಕುವ ಒಣಕೋಣೆಯ ಹಳೆಯ ಹಗ್ಗ ಬಿಚ್ಚಿ ಹೊಸದು ಕಟ್ಟುವುದು, ಬ್ಲಾಟಿಂಗ್ ಪೇಪರನ್ನು ಅಂಗೈಯಗಲ ಹರಿದು ಜೋಡಿಸುವುದು, ಸಣ್ಣ ಬಾಟಲಿಗಳಿಗೆ ಶಾಯಿ ತುಂಬುವುದು. ಅಟೆಂಡರ್ ಮಾಡಬಹುದಾದ ಕೆಲಸವೇ. ಆದರೆ ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಈ ವಕೀಲರ ಕಚೇರಿಗೆ ಸೇರಿದ ದಿನ ನನಗಾಗಿ ಹಗ್ಗ ಕಟ್ಟಿದವರು ಖುದ್ದು ಹಿರಿಯ ವಕೀಲರಾದ ಗುರುಪಾದಯ್ಯನವರು. ಆ ಪದ್ಧತಿಯನ್ನು ಬಿಡಲು ನನಗೆ ಮನಸ್ಸಾಗಿಲ್ಲ.

ನಮ್ಮ ಊರಿನಲ್ಲಿ ಸುಳ್ಳು ಬರೆದರೆ ಶಾಯಿ ಒಣಗುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮಕ್ಕಳು ಶಾಲೆಗೆ ರಜಾಚೀಟಿ ಬರೆಯುವಾಗಲೇ ಕಲಿತುಬಿಡುತ್ತಾರೆ. ಜ್ವರ ಬಂದಿತ್ತು ಎಂದು ಬರೆದ ಹುಡುಗಿಯ ಜೇಬು ಸಂಜೆ ಹೊತ್ತಿಗೆ ನೀಲಿಯಾಗಿರುತ್ತದೆ. ತಾಯಿ ಅದಕ್ಕೆ ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಾಳೆಯೇ ಹೊರತು ಬೈಯುವುದಿಲ್ಲ. ಅವಳ ಸೆರಗಿನ ತುದಿಯಲ್ಲೂ ಅಂಥದೇ ಒಂದು ಕಲೆ ಇರುತ್ತದೆ. ಮದುವೆಯ ಕರೆಯೋಲೆಗಳನ್ನು ಎಲ್ಲರೂ ಪಕ್ಕದ ಊರಿನಲ್ಲಿ ಅಚ್ಚು ಹಾಕಿಸುತ್ತಾರೆ. ನಾವೆಲ್ಲ ಕ್ಷೇಮ ಎಂದು ಕಾಗದ ಬರೆಯುವವರು ಪೆನ್ಸಿಲ್ ಹಿಡಿಯುತ್ತಾರೆ. ಪೆನ್ಸಿಲಿಗೆ ಏನೂ ತಿಳಿಯುವುದಿಲ್ಲ, ಅದಕ್ಕೇ ಕೋರ್ಟಿನಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಯಾರ ಕೈಯ ಕಾಗದವಾದರೂ ಒದ್ದೆಯಾಗಿ ಕಂಡರೆ "ಹವೆ ಥಂಡಿ" ಎಂದುಬಿಡುವುದು ನಮ್ಮಲ್ಲಿ ಮರ್ಯಾದೆ. ಸುಡುಸುಡು ಬೇಸಿಗೆಯಲ್ಲೂ ನಮ್ಮೂರಿನ ಹವೆ ಥಂಡಿಯಾಗಿಯೇ ಇರುತ್ತದೆ.

ಈ ವರ್ಷ ಇಬ್ಬರು ಬಂದಿದ್ದರು. ಚಂದ್ರಹಾಸ, ತಾಹಿರಾ. ಚಂದ್ರಹಾಸ ಹೊಸ ಕರಿಕೋಟಿನ ತೋಳುಗಳನ್ನು ಮೊಣಕೈವರೆಗೆ ಮಡಿಸಿಕೊಂಡಿದ್ದ. ಕೋಟಿಗೆ ಶಾಯಿ ತಗಲಬಾರದೆಂದು ಅವನ ಅಮ್ಮ ಹೇಳಿ ಕಳಿಸಿದ್ದಳಂತೆ. ತಾಹಿರಾ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕುಳಿತು ಹಗ್ಗದ ಕ್ಲಿಪ್ಪುಗಳನ್ನು ನೋಡುತ್ತಿದ್ದಳು, ಎಣಿಸುತ್ತಿದ್ದಳೋ ಏನೋ.

"ಶಾಯಿಗೆ ಎಷ್ಟು ಗೊತ್ತು?" ಎಂದು ನಾನು ಎಂದಿನಂತೆ ಶುರುಮಾಡಿದೆ.

"ಎಲ್ಲಾ ಗೊತ್ತು ಮೇಡಂ," ಎಂದ ಚಂದ್ರಹಾಸ. "ನಮ್ಮ ಚಿಕ್ಕಪ್ಪ ಎಲೆಕ್ಷನ್ನಿಗೆ ನಿಂತಾಗ ಅವರ ಕರಪತ್ರ ಹಂಚಿದವರ ಕೈಯೆಲ್ಲ ನೀಲಿ."

"ತಪ್ಪು. ಬರೆದವರಿಗೆ ಎಷ್ಟು ಗೊತ್ತೋ ಶಾಯಿಗೂ ಅಷ್ಟೇ ಗೊತ್ತು. ತಿಳಿಯದೆ ತಪ್ಪು ಬರೆದರೆ ಒಣಗುತ್ತದೆ. ಗೊತ್ತಿದ್ದು ಬರೆದರೆ ಒಣಗುವುದಿಲ್ಲ. ಅದಕ್ಕೇ ಕಕ್ಷಿದಾರರನ್ನು ಜಾಸ್ತಿ ಕೇಳಬಾರದು. ಬರೆಯುವುದಕ್ಕೆ ಎಷ್ಟು ಬೇಕೋ ಅಷ್ಟು ಕೇಳಿ ನಿಲ್ಲಿಸಬೇಕು. ಇದು ಮೊದಲನೆಯ ಪಾಠ."

ಇಬ್ಬರೂ ಬರೆದುಕೊಂಡರು. ಎರಡನೆಯ ಪಾಠವನ್ನೂ ಹೇಳಿದೆ. ಪತ್ರ ಬರೆದ ವಕೀಲರೇ ಮುಂದೆ ಒಂದು ದಿನ ನೋಂದಣಿ ಕಚೇರಿಗೆ ಹೋಗಿ, ನಾನು ಬರೆದದ್ದು ಸರಿಯಲ್ಲ ಎಂದು ಕೈಯಾರೆ ಹೇಳಿಕೆ ಬರೆದುಕೊಟ್ಟು, ಅದು ಒಣಗಿದರೆ ಆ ಪತ್ರ ಅಲ್ಲಿಗೆ ಬಿದ್ದುಹೋಗುತ್ತದೆ. ಕಾನೂನಿನಲ್ಲಿ ಅವಕಾಶ ಇದೆ.

"ಹಾಗೆ ಯಾರಾದ್ರೂ ಮಾಡಿದಾರಾ ಮೇಡಂ?" ಎಂದು ತಾಹಿರಾ ಕೇಳಿದಳು. ಅವಳು ಬಾಯಿಬಿಟ್ಟದ್ದು ಅದೇ ಮೊದಲು.

"ನನಗೆ ಗೊತ್ತಿರೋ ಹಾಗೆ ಒಬ್ಬರು. ಆಮೇಲೆ ಯಾರೂ ಅವರ ಹತ್ತಿರ ಒಂದು ಅರ್ಜೀನೂ ಬರೆಸಲಿಲ್ಲ. ಈಗ ನೋಂದಣಿ ಕಚೇರಿ ಎದುರಿಗೇ ಗಾಡಿ ಇಟ್ಟುಕೊಂಡು ಸೌತೇಕಾಯಿ ಮಾರ್ತಾರೆ."

ಚಂದ್ರಹಾಸ ಜೋರಾಗಿ ನಕ್ಕ. ಪ್ರತಿ ವರ್ಷ ಈ ಮಾತಿಗೆ ಯಾರಾದರೊಬ್ಬರು ನಗುತ್ತಾರೆ. ನಾನೂ ನಗುತ್ತೇನೆ.

ಆಮೇಲೆ ಮಾದರಿ ಬರೆದು ತೋರಿಸುವ ಹೊತ್ತು. ಹಾಳೆ ತೆಗೆದುಕೊಂಡು ಮೂರು ಸಾಲು ಬರೆದೆ. ನನ್ನ ಹೆಸರು ವಾರಿಜಾಕ್ಷಿ. ಈ ಕಚೇರಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ನನ್ನ ಬರಹದಿಂದ ಯಾರಿಗೂ ಅನ್ಯಾಯವಾಗಿಲ್ಲ. ಗುರುಪಾದಯ್ಯನವರು ನನಗೆ ಕಲಿಸುವಾಗ ಬರೆದದ್ದು ಎರಡೇ ಸಾಲು, ಅವರ ಹೆಸರು ಮತ್ತು ಅವರ ವರ್ಷ. ಮೂರನೆಯದು ನಾನು ಸೇರಿಸಿದ್ದು. ಸೇರಿಸಿ ಹದಿನಾಲ್ಕು ವರ್ಷವಾಗಿತ್ತು. ಅದನ್ನು ಬರೆಯುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಹಾಳೆಯನ್ನು ಹಗ್ಗಕ್ಕೆ ಸಿಕ್ಕಿಸಿ, ನಿಬ್ಬು ಹಿಡಿಯುವ ಬಗೆ, ಬ್ಲಾಟಿಂಗ್ ಒತ್ತಬೇಕೇ ಹೊರತು ಉಜ್ಜಬಾರದು ಎನ್ನುವುದು, ಇವನ್ನೆಲ್ಲ ಐದು ನಿಮಿಷ ಹೇಳಿದೆ. ಹೇಳುತ್ತಲೇ ಅಭ್ಯಾಸಬಲದಿಂದ ಮೂರನೆಯ ಸಾಲಿನ ಮೇಲೆ ಬೆರಳು ಎಳೆದು, "ನೋಡಿ" ಎಂದು ಅವರತ್ತ ಚಾಚಿದೆ.

ಬೆರಳು ನೀಲಿಯಾಗಿತ್ತು.

ಅದು ನನ್ನ ಬೆರಳು ಎಂದು ಒಂದು ಕ್ಷಣ ನನಗೆ ಹೊಳೆಯಲೇ ಇಲ್ಲ. ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡಿದೆ. ಹಾಳೆಯಲ್ಲಿ ನನ್ನ ಹೆಸರು ಗರಿಗರಿಯಾಗಿ ಒಣಗಿ ನಿಂತಿತ್ತು, ಅದರ ಕೆಳಗಿನ ಸಾಲೂ ಒಣಗಿತ್ತು. ಮೂರನೆಯದು ಆಗಷ್ಟೇ ಬರೆದಂತೆ ಮಿರಮಿರ ಮಿನುಗುತ್ತ, ನಾನು ಬೆರಳೆಳೆದ ಕಡೆ ಬಾಲ ಬಿಟ್ಟುಕೊಂಡಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಬರೆದ ಒಂದು ಕಾಗದವೂ ಒದ್ದೆ ಉಳಿದದ್ದಿಲ್ಲ. ನನ್ನ ಗಂಡನಿಗೆ ಬರೆದ ಕಾಗದಗಳು ಕೂಡ ಒದ್ದೆ ಉಳಿದಿರಲಿಲ್ಲ. ಅವು ಅಷ್ಟು ಚಿಕ್ಕವು.

"ಹವೆ ಥಂಡಿ ಅಲ್ವಾ ಮೇಡಂ," ಎಂದ ಚಂದ್ರಹಾಸ. ಒಳ್ಳೆಯ ಹುಡುಗ, ಮರ್ಯಾದೆ ಗೊತ್ತು. ಹೊರಗೆ ಬಿಸಿಲು ಕಾಯುತ್ತಿತ್ತು.

"ಹೌದು, ಥಂಡಿ," ಎಂದು ಬೆರಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡೆ. ತಾಹಿರಾ ನನ್ನ ಮುಷ್ಟಿಯನ್ನು ನೋಡಿ, ಕಣ್ಣು ಕೆಳಗೆ ಹಾಕಿದಳು.

ಊಟದ ಬಿಡುವಿನಲ್ಲಿ ಕಡತಗಳ ಕೋಣೆಯ ಬಾಗಿಲು ಹಾಕಿಕೊಂಡೆ. ಡಬ್ಬಿ ಬಿಚ್ಚಲಿಲ್ಲ. ಹೊಸ ಬಾಟಲಿ, ಹೊಸ ನಿಬ್ಬು, ಹೊಸ ಹಾಳೆ. ಅದೇ ಸಾಲನ್ನು ಬರೆದು ಕಾದೆ. ಒಣಗಲಿಲ್ಲ. ಎಡಗೈಯಲ್ಲಿ ಬರೆದೆ, ಮಗುವಿನ ಅಕ್ಷರದಂತೆ ಬಂತು. ಅದೂ ಒಣಗಲಿಲ್ಲ. ಆಮೇಲೆ ಒಂದು ವರ್ಷದಿಂದ ಈಚೆಗೆ ನಾನು ಬರೆದ ಪತ್ರಗಳ ಹೆಸರುಗಳನ್ನು ಒಂದೊಂದಾಗಿ ಬರೆಯುತ್ತ ಬಂದೆ. ಬಾವಿ ಜಗಳದ ರಾಯಣ್ಣನಿಗೆ ನನ್ನಿಂದ ಅನ್ಯಾಯವಾಗಿಲ್ಲ. ಒಣಗಿತು. ಅಂಗಡಿ ಮಳಿಗೆಯ ಸಿದ್ದಮ್ಮನಿಗೆ ಅನ್ಯಾಯವಾಗಿಲ್ಲ. ಒಣಗಿತು. ಹೀಗೆ ಹದಿನೇಳು ಹೆಸರು. ಹದಿನೆಂಟನೆಯದನ್ನು ನನ್ನ ಕೈ ಬೇಕೆಂದೇ ಕೊನೆಗೆ ಇಟ್ಟುಕೊಂಡಿತ್ತು ಎಂದು ಅದನ್ನು ಬರೆಯುವಾಗ ತಿಳಿಯಿತು. ನೀಲವೇಣಿಗೆ ಎಂದು ಬರೆದು ಮುಗಿಸುವ ಮೊದಲೇ ಅಕ್ಷರಗಳು ಒಂದರೊಳಗೊಂದು ಹರಿದುಹೋದವು.

ನೀಲವೇಣಿ ಸಾಬೂನು ಕಾರ್ಖಾನೆಯ ಕೆಂಪರಾಜಯ್ಯನವರ ಸೊಸೆ. ಕೆಂಪರಾಜಯ್ಯನವರು ನಮ್ಮ ಕಚೇರಿಯ ಹಳೆಯ ಕಕ್ಷಿದಾರರು. ಅವರ ಒಬ್ಬನೇ ಮಗ ತೀರಿಹೋದಾಗ ನೀಲವೇಣಿ ಏಳು ತಿಂಗಳ ಬಸುರಿ. ತವರಿನಲ್ಲಿ ಹೆರಿಗೆಯಾಯಿತು, ಗಂಡುಮಗು. ಒಂಬತ್ತನೆಯ ದಿನ ಗುರುಪಾದಯ್ಯನವರು ನನ್ನನ್ನು ಕರೆದು, "ಬಾಣಂತಿ ಕೋಣೆ, ಗಂಡಸರು ಹೋಗೋ ಹಾಗಿಲ್ಲ. ನೀನೇ ಹೋಗಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸ್ಕೊಂಡು ಬಾರಮ್ಮ" ಎಂದರು. ಮಗುವಿಗೆ ಒಂದು ವರ್ಷ ತುಂಬಿದ ದಿನ ಅದನ್ನು ಅಜ್ಜನ ಮನೆಗೆ ಒಪ್ಪಿಸಬೇಕು, ಆಮೇಲೆ ತಾಯಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಪತ್ರದಲ್ಲಿದ್ದದ್ದು ಇಷ್ಟೇ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲವಾದ್ದರಿಂದ "ಹೆಸರಿಡದ ಗಂಡುಮಗು" ಎಂದೇ ಬರೆದಿದ್ದೆ.

ಓದಿ ಹೇಳಿದೆ. ಒಂದು ಸಾಲನ್ನೂ ಬಿಡದೆ ಓದಿದೆ. ಕೋಣೆಯಲ್ಲಿ ಬಜೆಯ, ಲೋಬಾನದ ವಾಸನೆ. ಅವಳು ತೊಟ್ಟಿಲಿನ ಹಗ್ಗ ಹಿಡಿದು ಗೋಡೆಗೆ ಒರಗಿದ್ದಳು. ಪ್ರತಿ ಸಾಲಿಗೂ ಅವಳ ತಲೆ ಮೆಲ್ಲಗೆ ಆಡುತ್ತಿತ್ತು. ಓದಿದ ಮೇಲೆ ಕೊನೆಯ ಷರಾ ಬರೆಯಬೇಕಲ್ಲ, "ಕೇಳಿ ಒಪ್ಪಿದ್ದಾರೆ" ಎಂದು ಬರೆಯಲು ಕೈ ಹೋಯಿತು. ನಿಂತಿತು. ನಿಬ್ಬನ್ನು ಒಂದು ಸಲ ಝಾಡಿಸಿ ಹೀಗೆ ಬರೆದೆ: "ಓದಿ ಹೇಳಲಾಗಿದೆ. ಪ್ರತಿ ಮಾತಿಗೂ ಅವರ ತಲೆ ಆಡಿದೆ." ಒಣಗಿತು. ಹಗ್ಗದಿಂದ ಅವಳ ಕೈ ಬಿಡಿಸಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಗುರುಪಾದಯ್ಯನವರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, "ವಾರಿಜಾ ಬರೆದದ್ದು ಒಣಗದೇ ಇರೋದುಂಟೇ" ಎಂದರು. ಆ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಹೋಗಿ ಎರಡು ದಿನ ಸುಖಪಟ್ಟಿದ್ದೆ.

ದೀಪಾವಳಿಯ ಹೊತ್ತಿಗೆ ನೀಲವೇಣಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಚೇರಿಗೆ ಬಂದಿದ್ದಳು. ನನಗೊಂದು ಡಬ್ಬಿ ತುಂಬ ಪುಟಾಣಿ ಉಂಡೆ. "ಅವತ್ತು ಏನೋ ಓದಿದ್ರಲ್ಲ ಮೇಡಂ, ಮಗು ಹೆಸರಿಗೆ ಏನೋ ಬರೆಸಿದ್ದು ಅಂದ್ರು ನಮ್ಮ ಮಾವ. ನಂಗೆ ನಿದ್ದೆ ಇಲ್ದೆ ಏನೂ ತಲೇಗೆ ಹೋಗ್ಲಿಲ್ಲ. ನೀವಿದ್ರಲ್ಲ ಅಂತ ಧೈರ್ಯ. ತುಂಬಾ ಉಪಕಾರ ಆಯ್ತು," ಎಂದಿದ್ದಳು. ನಾನು ಒಳ್ಳೆಯದಾಗಲಿ ಎಂದೆ. ಉಂಡೆ ತಿಂದೆ. ಚೆನ್ನಾಗಿತ್ತು.

ಕಡತಗಳ ಕೋಣೆಯಲ್ಲಿ ಕುಳಿತು ನಾನು ನೆನಪಿಸಿಕೊಂಡದ್ದು ಆ ಉಂಡೆಯ ರುಚಿಯನ್ನು. ನನಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತು. ಗೊತ್ತಿದ್ದದ್ದು ನನ್ನೊಳಗೆ ಇಷ್ಟೂ ದಿನ ಬಾಯಿಮುಚ್ಚಿಕೊಂಡು ಕುಳಿತು, ಇವತ್ತು ಇಬ್ಬರು ಮಕ್ಕಳ ಮುಂದೆ ಹಾಳೆಯ ಮೇಲೆ ಬಂದು ನಿಂತಿತ್ತು.

ಮಧ್ಯಾಹ್ನದ ಪಾಠಕ್ಕೆ ಮಾದರಿ ಪತ್ರ ಬೇಕಿತ್ತು. ಯಾವುದನ್ನು ಕಲಿಸಬೇಕೆಂದು ಗುರುಪಾದಯ್ಯನವರು ಮೊದಲೇ ಹೇಳಿ, ಅದರ ನಕಲನ್ನು ಮೇಜಿನ ಮೇಲೆ ಇಡಿಸಿದ್ದರು. ಕೆಂಪರಾಜಯ್ಯನವರದೇ. ನಾನು ಬೇರೆ ತರುವಷ್ಟರಲ್ಲಿ ಚಂದ್ರಹಾಸ ಅದನ್ನು ಗಟ್ಟಿಯಾಗಿ ಓದಲು ಶುರುಮಾಡಿದ್ದ. ಕೊನೆಯ ಷರಾ ಓದಿ, "ಆಹಾ, ಎಷ್ಟು ಚೊಕ್ಕವಾಗಿದೆ ಮೇಡಂ," ಎಂದ.

"ಒಪ್ಪಿದ್ದಾರೆ ಅಂತ ಯಾಕೆ ಬರೆದಿಲ್ಲ?" ಎಂದಳು ತಾಹಿರಾ.

"ಒಪ್ಪಿಗೆ ಮನಸ್ಸಿನೊಳಗಿನದು," ಎಂದು ನಾನು ವರ್ಷವರ್ಷ ಹೇಳುವುದನ್ನೇ ಹೇಳಿದೆ. "ನಮಗೆ ಕಾಣುವುದು ತಲೆ. ಕಂಡದ್ದನ್ನು ಬರೆಯಬೇಕು."

ಅವಳು ಹಾಳೆಯ ಮೇಲೆ ಬೆರಳಿಟ್ಟು ತಾರೀಕು ನೋಡಿದಳು, ಮೇಲಿನ ಸಾಲುಗಳನ್ನು ಮತ್ತೊಮ್ಮೆ ಓದಿದಳು. "ಮಗೂಗೆ ಒಂಬತ್ತು ದಿನ ಅಂತ ಇದೆ. ಇವರು ಆಗ ತೊಟ್ಟಿಲು ತೂಗ್ತಾ ಇದ್ರಾ ಮೇಡಂ?"

ನನ್ನ ಬಾಯಿ ಒಣಗಿತು. ಶಾಯಿಯ ಬದಲಿಗೆ ಅದೊಂದು ಒಣಗಿತು. "ಯಾಕೆ?" ಎಂದೆ.

"ಸುಮ್ನೆ ಕೇಳ್ದೆ. ನಮ್ಮಕ್ಕ ಹಂಗೇ ಮಾಡೋಳು. ಹಗ್ಗ ಹಿಡ್ಕೊಂಡು ಕೂತಲ್ಲೇ ನಿದ್ದೆ ಹೋಗೋಳು. ಕೈ ಎಳೀತಾನೇ ಇರೋದು, ಅದರ ಜೊತೆ ತಲೇನೂ ಆಡ್ತಾನೇ ಇರೋದು. ನಾವು ಏನು ಕೇಳಿದ್ರೂ ಹೂಂ ಅನ್ನೋ ಥರ. ನಮ್ಮ ಅಣ್ಣ ತಮಾಷೆಗೆ, ನಿನ್ನ ಬಳೆ ಕೊಡ್ತೀಯೇನೇ ಅಂತ ಕೇಳೋನು. ಅದಕ್ಕೂ ತಲೆ ಆಡಿಸೋಳು."

ಚಂದ್ರಹಾಸ ನಕ್ಕ. ನಗು ಅರ್ಧಕ್ಕೆ ನಿಂತಿತು. ಅವನು ಒಮ್ಮೆ ಹಾಳೆಯನ್ನೂ ಒಮ್ಮೆ ನನ್ನನ್ನೂ ನೋಡಿ, ಮಡಿಸಿದ್ದ ಕೋಟಿನ ತೋಳನ್ನು ಸುಮ್ಮನೆ ಕೆಳಗಿಳಿಸಿಕೊಂಡ.

ಏನಾದರೂ ಹೇಳಬೇಕಿತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಎಷ್ಟು ಜೂನಿಯರುಗಳ ಎಷ್ಟು ಪ್ರಶ್ನೆಗೆ ಉತ್ತರ ಹೇಳಿದ್ದೆ! ಈ ಹುಡುಗಿಗೆ ನಾನು ಬೆಳಿಗ್ಗೆಯಿಂದ ಕಲಿಸಿದ್ದೇನು? ಜಾಸ್ತಿ ಕೇಳಬೇಡ, ಕಂಡಷ್ಟೇ ಬರೆ. ಅವಳು ಅಲ್ಲಿಲ್ಲದೆಯೇ ಕಂಡದ್ದನ್ನು ನಾನು ಎರಡು ಅಡಿ ದೂರದಲ್ಲಿ ಕುಳಿತು, ಕಂಡು, ಅದಕ್ಕೊಂದು ಒಣಗುವ ಸಾಲು ಹುಡುಕಿದ್ದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗುರುಪಾದಯ್ಯನವರು ಕೋಲು ಕುಟ್ಟುತ್ತ ಒಳಗೆ ಬಂದರು.

"ಏನಮ್ಮ, ಹೊಸಬರು ಹೇಗೆ? ಶಾಯಿ ಚೆಲ್ಲೋದಿಲ್ಲ ತಾನೇ?" ಮೇಜಿನ ಮೇಲಿನ ಪತ್ರ ನೋಡಿ ಅವರ ಮುಖ ಅರಳಿತು. "ನೋಡ್ರಪ್ಪ, ಇದು ಕೆಲಸ ಅಂದ್ರೆ. ಇನ್ನು ಹತ್ತು ವರ್ಷಕ್ಕೆ ನೀವು ಇಂಥದೊಂದು ಬರೆದ್ರೆ ನಾನು ಇಲ್ಲೇ ಇದ್ರೆ ಬೆನ್ನು ತಟ್ತೀನಿ." ನನ್ನ ಕಡೆ ತಿರುಗಿದರು. "ಇದರದ್ದೇ ಮಾತು ವಾರಿಜಾ. ಈ ಗುರುವಾರ ಮಗೂಗೆ ವರ್ಷ ತುಂಬುತ್ತೆ. ಕೆಂಪರಾಜಯ್ಯ ಕಾರು ತರ್ತಾರೆ. ಪತ್ರ ತಗೊಂಡು ನೀನೂ ಹೋಗಬೇಕು."

"ನಾನಾ ಸರ್?"

"ಮತ್ತಿನ್ಯಾರು? ಆ ಹುಡುಗಿಗೆ ನಿನ್ನ ಮೇಲೆ ವಿಶ್ವಾಸ. ಮಗೂನ ತಾಯಿ ಕೈಯಿಂದ ಹೆಂಗಸೇ ಇಸ್ಕೊಂಡ್ರೆ ಗಲಾಟೆ ಆಗಲ್ಲ. ನಾವು ಗಂಡಸರು ಕೈ ಚಾಚಿದ್ರೆ ಕಿರುಚಾಡ್ತಾರೆ, ಬೀದಿ ಸೇರುತ್ತೆ."

ಗುರುವಾರ. ಜುಲೈ ಎಂದು ನನ್ನ ತಲೆಯಲ್ಲಿತ್ತು, ಅಷ್ಟು ದೂರಕ್ಕೆ ನಾನದನ್ನು ತಳ್ಳಿಟ್ಟಿದ್ದೆ. ಮಗು ಜೂನ್ ಮೊದಲ ವಾರ ಹುಟ್ಟಿದ್ದು ಪತ್ರದಲ್ಲೇ ಇತ್ತು, ನನ್ನ ಅಕ್ಷರದಲ್ಲೇ. ಕಳೆದ ವರ್ಷದ ಜೂನಿಯರುಗಳಿಗೆ ಈ ಮೂರು ಸಾಲು ಬರೆದು ತೋರಿಸಿದ ಮುಂದಿನ ವಾರವೇ ಅಲ್ಲವೇ ನಾನು ಆ ಕೋಣೆಗೆ ಹೋದದ್ದು. ಬೆರಳ ತುದಿಯ ನೀಲಿ ಅಂಗೈಗೂ ಹತ್ತಿತ್ತು, ಕೈಯನ್ನು ಸೆರಗಿನಡಿ ಇಟ್ಟುಕೊಂಡೆ.

"ಹೋಗ್ತೀನಿ ಸರ್," ಎಂದೆ. ಬಾಯಿಮಾತಿಗೆ ನಮ್ಮೂರಿನಲ್ಲಿ ಒಣಗುವ ಗೊಡವೆಯಿಲ್ಲ. ಗುರುಪಾದಯ್ಯನವರಿಗೂ ಅದು ಗೊತ್ತು. "ಸಂಜೆ ಮನೆಗೆ ಹೋಗೋ ಮುಂಚೆ ಡೈರಿಯಲ್ಲಿ ಬರೆದಿಡಮ್ಮ," ಎಂದು ಹೊರಟರು.

ಅವರ ಬೆನ್ನು ಬಾಗಿಲು ದಾಟುವಾಗ ನನಗೆ ಕಲಿಸುವಾಗ ಅವರು ಬರೆದ ಆ ಎರಡು ಸಾಲು ನೆನಪಾಯಿತು. ಹೆಸರು, ವರ್ಷ. ಇಷ್ಟೆಲ್ಲ ವರ್ಷದಲ್ಲಿ ಅವರು ಮೂರನೆಯ ಸಾಲು ಯಾಕೆ ಬರೆಯಲಿಲ್ಲ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನು ಅದನ್ನು ಸೇರಿಸಿದ ವರ್ಷ ಅವರು ನನ್ನ ಹಾಳೆಯನ್ನು ನೋಡಿ, "ಜಾಣೆ, ಒಣಗಿದೆಯಲ್ಲ" ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಹೊಗಳಿದರು ಎಂದುಕೊಂಡಿದ್ದೆ.

ಜೂನಿಯರುಗಳಿಗೆ ಅಭ್ಯಾಸಕ್ಕೆ ಹತ್ತು ಸಾಲು ಕೊಟ್ಟು, ಕಿಟಕಿ ಕಡೆಯ ಮೇಜಿಗೆ ಹೋಗಿ ಕುಳಿತೆ. ಚಂದ್ರಹಾಸ ತನ್ನ ವಯಸ್ಸು, ತನ್ನ ಬೀದಿ, ತನ್ನ ನಾಯಿಯ ಹೆಸರು ಬರೆದು ಹಗ್ಗಕ್ಕೆ ತೂಗುಹಾಕುತ್ತಿದ್ದ. "ನನಗೆ ಕಾನೂನು ಓದಲು ಇಷ್ಟವಿತ್ತು" ಎಂಬುದು ಒದ್ದೆ ಉಳಿಯಿತು. "ಅಯ್ಯೋ, ಅಪ್ಪನಿಗೆ ಹೇಳಬೇಡಿ ಮೇಡಂ," ಎಂದು ಹಲ್ಲು ಕಿರಿದ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನನ್ನ ಮುಂದೆ ಒಂದು ಹಾಳೆ ಇತ್ತು. ಅದರ ಮೇಲೆ ಬರೆದೆ: "ಕಳೆದ ವರ್ಷ ನಾನು ನೀಲವೇಣಿಗೆ ಪತ್ರ ಓದಿ ಹೇಳುವಾಗ ಆಕೆ ತೊಟ್ಟಿಲು ತೂಗುತ್ತ ನಿದ್ದೆಯಲ್ಲಿದ್ದಳು. ತಲೆ ಆಡಿದ್ದು ಹಗ್ಗದ ಜೊತೆಗೆ. ಅದು ನನಗೆ ಆಗಲೇ ಗೊತ್ತಿತ್ತು."

ಬ್ಲಾಟಿಂಗ್ ಬೇಕಾಗಲಿಲ್ಲ. ಕೊನೆಯ ಅಕ್ಷರದಿಂದ ನಿಬ್ಬು ಎತ್ತುವಷ್ಟರಲ್ಲಿ ಮೊದಲ ಅಕ್ಷರ ಒಣಗಿ ಮಂಕಾಗಿತ್ತು. ನನ್ನ ಯಾವ ಬರಹವೂ ಅಷ್ಟು ಬೇಗ ಒಣಗಿದ್ದನ್ನು ನಾನು ಕಂಡಿರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ, ಬಿಚ್ಚದ ಊಟದ ಡಬ್ಬಿಯ ಕೆಳಗೆ, ಚೀಲದ ತಳದಲ್ಲಿ ಇಟ್ಟೆ.

ಐದು ಗಂಟೆಗೆ ಗುರುಪಾದಯ್ಯನವರು ಡೈರಿ ಹಿಡಿದು ಬಂದೇಬಿಟ್ಟರು. ಗುರುವಾರದ ಪುಟ ತೆರೆದು ನನ್ನ ಮುಂದಿಟ್ಟು, ಕೋಲಿನ ಮೇಲೆ ಎರಡೂ ಕೈ ಊರಿ ಕಾದು ನಿಂತರು. ತಾಹಿರಾ ಹಗ್ಗದ ಹಾಳೆಗಳನ್ನು ಇಳಿಸುತ್ತಿದ್ದಳು. ನಾನು ನಿಬ್ಬನ್ನು ಒಂದು ಸಲ ಝಾಡಿಸಿ ಬರೆದೆ: ಗುರುವಾರ ಬೆಳಿಗ್ಗೆ ಹತ್ತಕ್ಕೆ ನೀಲವೇಣಿಯ ಮನೆಯಲ್ಲಿರುತ್ತೇನೆ. ಮಗುವಿನ ವಿಷಯದ ಕಾಗದ ನನ್ನ ಕೈಯಲ್ಲಿರುತ್ತದೆ.

ಅವರು ಬಗ್ಗಿ ಎರಡು ಸಾಲಿನ ಮೇಲೂ ಹೆಬ್ಬೆರಳು ಎಳೆದರು. ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸ್ವಚ್ಛವಾಗಿತ್ತು.

"ವಾರಿಜಾ ಬರೆದದ್ದು ಒಣಗದೇ ಇರೋದುಂಟೇ," ಎಂದು ಡೈರಿ ಮುಚ್ಚಿಕೊಂಡು ಹೋದರು.

ಯಾವ ಕಾಗದ ಎಂದು ನಾನು ಬರೆದಿರಲಿಲ್ಲ. ಅವರು ಕೇಳಲಿಲ್ಲ. ಬರೆಯುವುದಕ್ಕೆ ಬೇಕಾದಷ್ಟೇ ಕೇಳಿ ನಿಲ್ಲಿಸಬೇಕೆಂದು ನನಗೆ ಕಲಿಸಿದವರು ಅವರೇ.

"ಇದು ನಿಮ್ಮದು ಮೇಡಂ. ಇನ್ನೂ ಹಸಿ ಇದೆ," ಎಂದು ತಾಹಿರಾ ಬೆಳಗಿನ ಮೂರು ಸಾಲಿನ ಹಾಳೆಯನ್ನು ಎರಡು ಬೆರಳಲ್ಲಿ ತುದಿ ಹಿಡಿದು ತಂದಳು. "ಬಿಸಾಕ್ಲಾ?"

"ಬೇಡ, ಇಲ್ಲಿ ಕೊಡು," ಎಂದೆ. "ಕಿಟಕಿ ಹಾಕ್ಕೊಂಡು ಹೋಗಮ್ಮ" ಎಂದು ಹೇಳಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ನೋಂದಣಿ ಕಚೇರಿ ನಾಳೆ ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ. ಅದರ ಎದುರಿಗೆ, ಸೌತೇಕಾಯಿ ಗಾಡಿಯ ಪಕ್ಕದ ಮರದ ನೆರಳಿನಲ್ಲಿ, ಇನ್ನೊಂದು ಗಾಡಿ ನಿಲ್ಲುವಷ್ಟು ಜಾಗವಿದೆ.